ಸುನೀತಾ ಜಗ್ಗದೆ ಬಿಟ್ಟ ಲಿವರ್

ಅಳ್ನಾವರದ ಗೂಡ್ಸ್ ಯಾರ್ಡಿನಲ್ಲಿ ಈಗ ಬಟನ್ ಒತ್ತಿದರೆ ಹಳಿ ತಿರುಗುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ಹಾಗಿರಲಿಲ್ಲ. ಯಾರ್ಡಿನ ತುದಿಗೆ ಎತ್ತರದ ಕ್ಯಾಬಿನ್ನು, ಅದರಲ್ಲಿ ಎದೆಮಟ್ಟದ ಕಬ್ಬಿಣದ ಲಿವರ್‌ಗಳ ಸಾಲು. ಒಂದನ್ನು ಜಗ್ಗಿದರೆ ದೂರದಲ್ಲಿ ಹಳಿ ಸರಿಯುತ್ತಿತ್ತು, ಇನ್ನೊಂದನ್ನು ಜಗ್ಗಿದರೆ ಕಂಬದ ಮೇಲಿನ ಸಿಗ್ನಲ್ ಕೈ ಬಾಗಿ ಗಾಡಿಗೆ ಬಾ ಎನ್ನುತ್ತಿತ್ತು. ಹಳಿಯ ಲಿವರ್ ಪೂರ್ತಿ ಬಾರದೆ ಸಿಗ್ನಲ್ಲಿನದು ಅಲುಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಅಲ್ಲಿಗೆ ಚಹಾ ಹೊತ್ತರೂ, ನಮ್ಮಂಥ ಮನುಷ್ಯರೇ ಇಂಥ ಗಾಡಿಗಳನ್ನು ಬೇಕಾದತ್ತ ಹೊರಳಿಸುತ್ತಾರಲ್ಲ ಎಂಬ ಸೋಜಿಗ ನನಗೆ ಹೋಗಲೇ ಇಲ್ಲ.

ಅಲ್ಲಿಗೆ ಕಲಘಟಗಿ ಕಡೆಯ ಸುನೀತಾ ಪರೀಕ್ಷೆ ಪಾಸಾಗಿ ಬಂದಳು. ಕಡ್ಡಿಯಂಥ ಹುಡುಗಿ. ಆಫೀಸಿನಲ್ಲಿ ಫೈಲು ಎತ್ತಿಡುವ ಕೆಲಸ ಕೊಟ್ಟರೆ ಒಲ್ಲೆನೆಂದು ಕ್ಯಾಬಿನ್ನನ್ನೇ ಕೇಳಿದಳಂತೆ. ನಾವೆಲ್ಲ ನಕ್ಕೆವು, ನಗಲಿಕ್ಕೇನು ಖರ್ಚು? ಕಲಿಸುವ ಹೊಣೆ ಹಳೆಯ ಕ್ಯಾಬಿನ್‌ಮನ್ ಕಾಸೀಮಸಾಬರ ಮೇಲೆ ಬಿತ್ತು.

"ತೋಳಿಲೆ ಅಲ್ಲವ್ವಾ, ಮೈಭಾರ ಹಾಕಿ ಜಗ್ಗು. ಆದ್ರ ಒತ್ತಾಯ ಮಾಡಬ್ಯಾಡ. ಮಾಡಿದ್ರ, ಹಳಿ ಅರ್ಧ ಕೂಡಿದ್ರೂ ಅದರ ರಾಡ್ ಬಾಗಿ ಲಿವರ್ ಪೂರ್ತಿ ಬಂದಬಿಡತೈತಿ, ಸಿಗ್ನಲ್ಲೂ ಬಾಗತೈತಿ. ಆಮ್ಯಾಲ ಗಾಡಿ ಹಳಿ ಬಿಟ್ಟು ನೆಲಕ್ಕ," ಎನ್ನುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಅಂಗೈ ದಡ್ಡುಗಟ್ಟಿತ್ತು.

ತಪಾಸಣೆಗೆ ಸಾಹೇಬರು ಬಂದರು. ಅವರೆದುರು ಅವಳೊಬ್ಬಳೇ ಒಂದು ಗೂಡ್ಸ್ ಗಾಡಿಯನ್ನು ಒಳಗೆ ತರಬೇಕು. ಆಗದಿದ್ದರೆ ಮತ್ತೆ ಫೈಲೇ ಗತಿ. ಖಾಲಿ ಲೋಟ ಒಯ್ಯುವ ನೆಪದಲ್ಲಿ ನಾನು ಅಲ್ಲೇ ನಿಂತೆ.

ಸುನೀತಾ ಹಳಿಯ ಲಿವರ್ ಹಿಡಿದು ಹಿಂದಕ್ಕೆ ವಾಲಿದಳು. ಮುಕ್ಕಾಲು ಬಂದು ನಿಂತಿತು. ಮತ್ತೆ ಜಗ್ಗಿದಳು, ಮತ್ತೆ ಅಷ್ಟಕ್ಕೇ ನಿಂತಿತು. ಹೊರಗೆ ಗಾಡಿ ಸಿಳ್ಳು ಹಾಕಿತು. ಕಾಸೀಮಸಾಬರ ಜೀವ ತಡೆಯಲಿಲ್ಲ. ಬಾಜೂಕ್ಕೆ ಬಂದು ಮೆಲ್ಲಗೆ ತಮ್ಮ ಕೈಯನ್ನೂ ಲಿವರ್ ಮೇಲಿಟ್ಟರು. ಸಾಹೇಬರು ಕಂಡೂ ಕಾಣದಂತೆ ಕಿಟಕಿಯತ್ತ ತಿರುಗಿದರು. ಹುಡುಗಿ ಪಾಸಾದಳೆಂದು ನಾನು ಉಸಿರು ಬಿಟ್ಟೆ.

"ಕೈ ತಗೀರಿ, ಕಾಕಾ," ಎಂದಳು ಸುನೀತಾ. "ಇದು ಭಾರ ಅಲ್ಲರಿ. ಏನೋ ತಡದೈತಿ."

ಲಿವರನ್ನು ಮೊದಲಿದ್ದಲ್ಲಿಗೆ ಬಿಟ್ಟು, ಎಲ್ಲರೆದುರು ಮೆಟ್ಟಿಲಿಳಿದು ಹೋದಳು. ಹಳಿಗಳು ಕೂಡುವಲ್ಲಿ ಕೂತು, ಸಂದಿಯಿಂದ ಮುಷ್ಟಿಗಾತ್ರದ ಜಲ್ಲಿಕಲ್ಲು ಕಿತ್ತು ತಂದು ಕಿಟಕಿಯಲ್ಲಿಟ್ಟಳು. ಕೈ ಒರೆಸಿಕೊಂಡು ಜಗ್ಗಿದಳು. ಹಳಿ ಕೂಡಿತು. ಆಮೇಲೆ ಸಿಗ್ನಲ್ಲಿನ ಲಿವರ್ ಜಗ್ಗಿದಳು. ದೂರದ ಕಂಬದ ಮೇಲೆ ಕೆಂಪು ಕೈ ಬಾಗಿತು.

ನನ್ನ ಮೈ ಜುಮ್ಮೆಂದಿತು. ಆ ಕಡ್ಡಿಯಂಥ ಹುಡುಗಿಯ ಮಾತಿಗೆ ಗಾಡಿ ಬಂತು, ಕ್ಯಾಬಿನ್ನಿನ ಗಾಜುಗಳನ್ನೆಲ್ಲ ನಡುಗಿಸುತ್ತ, ಒಂದರ ಹಿಂದೊಂದು ಡಬ್ಬಿ, ಆ ಕಲ್ಲಿದ್ದ ಜಾಗದ ಮೇಲೆಯೇ. ಸಾಹೇಬರು ಎದ್ದು ನಿಂತು ನೋಡಿದರು.

ಕೊನೆಯ ಡಬ್ಬಿ ದಾಟಿದ ಮೇಲೆ ಕಾಸೀಮಸಾಬರು ಕಲ್ಲನ್ನು ಎತ್ತಿಕೊಂಡರು. ಮುಖ ಬಿಳಿಚಿಕೊಂಡಿತ್ತು.

"ನಾ ಜಗ್ಗಿದ್ರ ಲಿವರ್ ಬಂದಬಿಡ್ತಿತ್ತವ್ವಾ."

"ಗೊತ್ತಿತ್ರಿ, ಕಾಕಾ," ಎಂದಳು. "ಅದಕ್ಕ ಕೈ ತಗೀರಿ ಅಂದೆ."