ವೆಂಕಟರಮಣನ ಹಿಂದಿನ ಊರು

ವಿದೇಶದ ಡ್ಯಾಂಡಿನಾಂಗ್ ಊರಿನಲ್ಲಿರುವ ತಮ್ಮನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಬೀದಿಯ ಮುದುಕಿ ಹಾಲ್ಯಾ ಬಂದರು. ಅವರ ತಂದೆ ಉಕ್ರೇನಿನವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು, ಹಗಲೆಲ್ಲ ಫ್ಯಾಕ್ಟರಿಯಲ್ಲಿ ದುಡಿದು, ಸಂಜೆ ಶೆಡ್ಡಿನಲ್ಲಿ ಕೂತು, ಬಿಟ್ಟುಬಂದ ಊರನ್ನೇ ಸಾಯುವ ತನಕ ಚಿತ್ರಿಸಿದವರು. ಇಲ್ಲಿ ಆ ಚಿತ್ರಗಳನ್ನು ಕೇಳುವವರಿರಲಿಲ್ಲ. ತಂದೆ ಹೋದ ಮೇಲೆ ಮಗಳು ಎಲ್ಲವನ್ನೂ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ ಮಾರಿಬಿಟ್ಟರು. ಈಗ ಆ ಊರಿನವರು ತಮ್ಮ ಕಲಾವಿದನ ಚಿತ್ರಗಳು ಬೇಕೆನ್ನುತ್ತಿದ್ದಾರಂತೆ. ಅದಕ್ಕೇ ಹಾಲ್ಯಾ ಕೊಂಡವರ ಮನೆಮನೆಗೆ ಅಲೆಯುತ್ತಿದ್ದರು.

ತಮ್ಮ ನನ್ನ ಕಿವಿಯಲ್ಲಿ ಉಸುರಿದ: "ಅಣ್ಣಾ, ಫ್ರೇಮ್ ಸೂಪರ್ ಆಗಿತ್ತು ಅಂತ ನಾನೂ ಒಂದು ತಗೊಂಡಿದ್ದೆ. ಗೃಹಪ್ರವೇಶಕ್ಕೆ ಪೇಂಟಿಂಗ್ ಮೇಲೇನೇ ವೆಂಕಟರಮಣನ ಫೋಟೋ ಅಂಟಿಸಿಬಿಟ್ಟೆ."

"ಪೂಜೆ ಆಗಿರೋ ಫೋಟೋ ರೀ, ಕೀಳೋ ಹಾಗಿಲ್ಲ," ಎಂದಳು ಅವನ ಹೆಂಡತಿ.

"ಕಿತ್ರೂ ಏನ್ ಉಳಿದಿರುತ್ತೆ? ಪೂರ್ತಿ ಗಮ್ ಹಾಕಿದೀನಿ."

ತಮ್ಮ ತಡವರಿಸುತ್ತ ಇಂಗ್ಲಿಷಿನಲ್ಲಿ ವಿಷಯ ಹೇಳಿದ. ಹಾಲ್ಯಾ ಬೈಯಲಿಲ್ಲ. ನಮ್ಮ ಬರಿಗಾಲು ನೋಡಿ ತಾವೂ ಶೂ ಬಿಚ್ಚಿ ದೇವರ ಮುಂದೆ ನಿಂತರು. ತಂದೆಯ ಊರಿನಲ್ಲೂ ದೇವರ ಪಟಕ್ಕೆ ಹೀಗೇ ಅಲಂಕಾರ ಮಾಡುತ್ತಾರೆ, ಹೂಮಾಲೆಯ ಬದಲು ಕಸೂತಿಯ ವಸ್ತ್ರ ಇಳಿಬಿಡುತ್ತಾರೆ ಎಂದರು. ಆಮೇಲೆ ಗಾಜಿನ ಮೇಲೆ ಬೆರಳಿಟ್ಟರು. "ಇಲ್ಲಿ ಬಾವಿ ಇತ್ತು. ಇಲ್ಲಿ ಗೇಟು. ಇಲ್ಲಿ ನನ್ನ ಅಜ್ಜಿ ನಿಂತಿದ್ದಳು."

ಬೆರಳು ಹೋದಲ್ಲೆಲ್ಲ ನಾವೂ ನೋಡಿದೆವು. ನಮಗೆ ಕಂಡದ್ದು ಸ್ವಾಮಿಯ ಪಾದ ಮಾತ್ರ.

ತಮ್ಮನ ಹೆಂಡತಿ ಟಿಶ್ಯೂ ಚಾಚಿದಳು. ಹಾಲ್ಯಾ ತೆಗೆದುಕೊಳ್ಳಲಿಲ್ಲ. ಗಾಜಿನ ಕುಂಕುಮ ಹತ್ತಿದ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮೆಟ್ಟಿಲಿಳಿದರು.