ಕೊತ್ತಗೆರೆಯವರೆಗೆ ಒಯ್ದ ಪ್ರಶ್ನೆಗಳು

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಈಗ ನನಗೆ ಎಪ್ಪತ್ತೆಂಟು ವರ್ಷ. ಇನ್ನು ಮುಂದೂಡುವುದಕ್ಕೆ ಧೈರ್ಯವಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿ. ಡಿಸ್ಕ್ ಜಾರಿ ಕಾಲಿನ ನರ ಒತ್ತಿದವರ ಮೇಲೆ ಆಗ ಅಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಒಪ್ಪಿದ ರೋಗಿಗಳಲ್ಲಿ ಚೀಟಿ ಎತ್ತಿ ಅರ್ಧ ಜನಕ್ಕೆ ಬೆನ್ನಿನ ಆಪರೇಷನ್, ಅರ್ಧ ಜನಕ್ಕೆ ಮಾತ್ರೆ ಮತ್ತು ವ್ಯಾಯಾಮ. ವರ್ಷ ಕಳೆದ ಮೇಲೆ ಅವರು ಹೇಗಿದ್ದಾರೆಂದು ನೋಡುವ ಕೆಲಸ ಡಾಕ್ಟರ್ ವಸುಧಾ ಅವರದು. ಯಾರಿಗೆ ಯಾವ ಚಿಕಿತ್ಸೆ ಆಗಿದೆ ಎಂಬುದು ಅವರಿಗೆ ತಿಳಿಯಕೂಡದು.

ಒಂದು ಮಾರ್ಚ್ ಬೆಳಿಗ್ಗೆ ಏಳಕ್ಕೆ ಮೇಡಂ ಜೊತೆ ಗುಬ್ಬಿ ಬಸ್ ಹತ್ತಿದೆ. ಇಪ್ಪತ್ತು ಕಿಲೋಮೀಟರ್, ಟಿಕೆಟ್ ಆರು ರೂಪಾಯಿ. ಆಸ್ಪತ್ರೆಗೆ ಬಾರದವರನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಕೇಳಿದೆ.

“ಬಂದವ್ರನ್ನಷ್ಟೇ ಕೇಳಿ ಬರೆದ್ರೆ ಅರ್ಧ ಸತ್ಯ ನಂಜಪ್ಪನೋರೆ. ಮೊದಲೆಲ್ಲ ಆಪರೇಷನ್ ಮಾಡಿದವ್ರೇ ‘ನನ್ನ ರೋಗಿಗಳೆಲ್ಲ ಗುಣವಾದ್ರು’ ಅಂತ ಬರೆದುಬಿಡೋರು. ಈಗ ಅದು ನಡೆಯಲ್ಲ. ಗುಣ ಆಯ್ತು ಅಂತ ನೋಡಿದವ್ರು ಯಾರು, ಹೇಗೆ ನೋಡಿದ್ರು ಅಂತ ಕೇಳ್ತಾರೆ.”

“ಚೀಟಿ ಯಾವ್ದು ಅಂತ ನಿಮಗೆ ಗೊತ್ತಾದ್ರೇನು ಮೇಡಂ?”

“ಗೊತ್ತಾದ್ರೆ ನನ್ನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ.”

ತನ್ನ ಕಣ್ಣನ್ನೇ ನಂಬದ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಕೆಲಸವೂ ಅದಕ್ಕೆ ತಕ್ಕದ್ದೇ. ಮೊದಲು ಮನೆಯೊಳಗೆ ಹೋಗಿ, ಗಾಯದ ಗುರುತು ಇರಲಿ ಬಿಡಲಿ, ರೋಗಿಯ ಸೊಂಟಕ್ಕೆ ಟವಲ್ ಸುತ್ತಬೇಕು. ಚಿಕಿತ್ಸೆಯ ವಿಷಯ ಬಾಯಿಬಿಡಬೇಡಿ, ನೋವಿನ ವಿಷಯ ಒಂದನ್ನೂ ಮುಚ್ಚಿಡಬೇಡಿ ಎಂದು ಹೇಳಬೇಕು. ತೊಂದರೆ ಉಳಿದವರನ್ನು ಕೂಡಲೇ ಆಸ್ಪತ್ರೆಗೆ ಕರೆಸುವುದು ಮೇಡಂ ಇಟ್ಟುಕೊಂಡ ನಿಯಮ.

ಗುಬ್ಬಿಯಲ್ಲಿ ಇಡ್ಲಿ ತಿಂದು, ಕೊಬ್ಬರಿ ಮೂಟೆ ಹೊರುತ್ತಿದ್ದ ಸಿದ್ದಪ್ಪನ ಮನೆಗೆ ಹೋದೆವು. “ಏನ್ಲಾ ನಂಜ, ಮದುವಣಗಿತ್ತಿಗೆ ಸುತ್ತಿದಂಗೆ ಸುತ್ತೀಯಲ್ಲ!” ಎಂದು ನಕ್ಕ. ಮೇಡಂ ಒಳಗೆ ಬಂದದ್ದೇ ತಡ, ಟವಲ್ ಕಿತ್ತೆಸೆದು ಬೆನ್ನಿನ ಹೊಲಿಗೆ ಗುರುತು ತೋರಿಸಿದ. “ನೋಡವ್ವ, ಎಂಗ್ ಒಲ್ದವ್ರೆ!”

ಮೇಡಂ ಕಣ್ಣು ಮುಚ್ಚಿಕೊಂಡರೂ ತಡವಾಗಿತ್ತು. ನಗುತ್ತಲೇ ಪ್ರಶ್ನೆ ಮುಗಿಸಿ, ಹಾಳೆಯ ಕೊನೆಗೆ “ಚಿಕಿತ್ಸೆ ನನಗೆ ಗೊತ್ತಾಯಿತು” ಎಂದು ಬರೆದರು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನನ್ನು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಅವಮಾನವಾಯಿತು.

ತುಮಕೂರಿಗೆ ಹಿಂತಿರುಗಿ, ಹೆಬ್ಬೂರಿನ ಮೇಲೆ ಕುಣಿಗಲ್ ತಲುಪಿದಾಗ ಒಂದೂವರೆ ಗಂಟೆ. ಬಿಸಿಲು ಸುಡುತ್ತಿತ್ತು. ಮುದ್ದೆ, ಸೊಪ್ಪಿನ ಸಾರು ಉಂಡು ಕೊತ್ತಗೆರೆಯ ಬಸ್ ಹಿಡಿದೆವು. ಅಲ್ಲಿನ ರೋಗಿ ಎರಡು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ ಹೆಂಗಸು. ಆಪರೇಷನ್ ಆಗದ ಗುಂಪಿನವರು. ಅದು ನನಗೆ ಗೊತ್ತಿತ್ತು.

ಟವಲ್ ಸುತ್ತುವಾಗ ಮೆಲ್ಲಗೆ ಕೇಳಿದರು: “ಡೈರಿಯಿಂದ ವಾಪಸ್ ಬರೋವಾಗ ಬಲಗಾಲು ಸೋತೋಯ್ತದೆ ಕಣಣ್ಣ. ಎಲ್ಡ್ ಕಡೆ ಕೂತ್ಕೊಂಡು ಬರ್ತೀನಿ. ಯೋಳ್ಲಾ?”

ಮಾತು ಬೆಳೆದರೆ ಮಾತ್ರೆಯ ವಿಷಯವೂ ಹೊರಬೀಳುತ್ತದೆ, ಬೆಳಿಗ್ಗೆಯಂತೆಯೇ ಮತ್ತೆ ಕೆಡುತ್ತದೆ ಎಂದು ಹೆದರಿದೆ. “ಅದೆಲ್ಲ ಬುಡವ್ವ. ಪಾಪ, ಅಷ್ಟು ದೂರದಿಂದ ಬಂದವ್ರೆ. ಏನ್ ಕೇಳಿದ್ರೂ ಚೆನ್ನಾಗಿದೀನಿ ಅನ್ನು, ಸಾಕು” ಎಂದುಬಿಟ್ಟೆ.

ಆಕೆ ಹಾಗೆಯೇ ಹೇಳಿದರು. ಮೇಡಂ ಅಂಗಳದಲ್ಲಿ ನಡೆಸಿ ನೋಡಿದರು. ಹತ್ತು ಹೆಜ್ಜೆಗೆ ಕಾಲು ಸೋಲಲಿಲ್ಲ. ನಮಗೆ ಮಜ್ಜಿಗೆ ಕೊಟ್ಟು, ಹಾಲಿನ ಕ್ಯಾನ್ ಎತ್ತಿಕೊಂಡು ಡೈರಿಗೆ ಹೊರಟರು.

ನಾಲ್ಕೂವರೆಯ ಬಸ್ ಡೈರಿ ದಾಟಿದಾಗ ಕಿಟಕಿಯಿಂದ ಕಂಡೆ. ಆಕೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಲಗಾಲನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತಿದ್ದರು. ಮೇಡಂ ತಲೆ ತಗ್ಗಿಸಿ ಹಾಳೆ ನೋಡುತ್ತಿದ್ದರು.

“ಅವ್ರಿಗೆ ಎಲ್ಲ ಸರಿಯಾಗಿ ಹೇಳಿದ್ರಿ ತಾನೇ ನಂಜಪ್ಪನೋರೆ?”

“ಹೇಳಿದೆ ಮೇಡಂ.”

ಬಸ್ ನಿಲ್ಲಿಸಿ ಅನ್ನಬಹುದಿತ್ತು. ಅನ್ನಲಿಲ್ಲ. ಕುಣಿಗಲ್‌ವರೆಗೂ ಹೊರಗೇ ನೋಡುತ್ತ ಕೂತೆ.

ಎಂಟು ತಿಂಗಳ ಮೇಲೆ ಆಕೆಯನ್ನು ನಮ್ಮ ವಾರ್ಡಿಗೇ ತಂದರು. ಬಲಪಾದ ಜೋತುಬಿದ್ದಿತ್ತು. ಆಪರೇಷನ್ ಆಯಿತು. ನೋವು ಹೋಯಿತು, ಪಾದ ಮಾತ್ರ ಏಳಲಿಲ್ಲ.

“ಅವತ್ತೇ ಯಾಕಮ್ಮ ಹೇಳ್ಲಿಲ್ಲ?” ಎಂದು ಮೇಡಂ ಕೇಳಿದರು.

ಆಕೆ ಒಮ್ಮೆ ನನ್ನ ಕಡೆ ನೋಡಿದರು. “ನಂಗೇ ನಾಚ್ಕೆ ಆಯ್ತು ಕಣವ್ವ.”

ಮೇಡಂ ಹಳೆಯ ಹಾಳೆ ತರಿಸಿ, “ನಾನು ಸರಿಯಾಗಿ ವಿಚಾರಿಸಲಿಲ್ಲ” ಎಂದು ಬರೆದು ಸಹಿ ಹಾಕಿದರು. ನಾನು ಡ್ರಿಪ್ ಸ್ಟ್ಯಾಂಡ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ನಿವೃತ್ತನಾಗುವ ದಿನ ಮೇಡಂ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. “ನನಗಲ್ಲ ನಂಜಪ್ಪನೋರೆ, ಅವ್ರಿಗೆ ಹೇಳಿ” ಎಂದರು. ಕೊತ್ತಗೆರೆಗೆ ಬಸ್ಸು ದಿನವೂ ಇತ್ತು. ನಾನು ಹೋಗಲಿಲ್ಲ. ಹೋಗುವ ಮನಸ್ಸು ಮಾಡುವ ಹೊತ್ತಿಗೆ ಆಕೆ ತೀರಿಹೋಗಿದ್ದರು.

ಅವರ ಹೆಸರು ಪುಟ್ಟತಾಯಮ್ಮ.