ಲಿಸ್ಬನ್ ನೋಡಿ ಬಂದ ಬೀಗದ ಕೈ

ಮೊಮ್ಮಗಳು ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ಪಡೆಯುವ ಫಸ್ಟ್ ಕಮ್ಯುನಿಯನ್ ನೋಡಲೆಂದೇ ಲಿಸ್ಬನ್‌ಗೆ ಹೋದವನು ನಾನು. ಕಮ್ಯುನಿಯನ್ ಇದ್ದದ್ದು ಭಾನುವಾರ. ನಾನು ವಾಪಸ್ ಟಿಕೆಟ್ ಮಾಡಿಸಿದ್ದು ಶನಿವಾರ ರಾತ್ರಿಗೆ!

ತಪ್ಪು ಯಾರದು? ನನ್ನದೇ. ಅದನ್ನು ಒಪ್ಪಿಕೊಳ್ಳಲೆಂದೇ ಈ ವಾರ ಪೆನ್ನು ಹಿಡಿದಿದ್ದೇನೆ.

ನಾನು ದುಡಿಯುವ ಕುವೈತಿನಲ್ಲಿ ನಮಗೆ ರಜೆ ಶುಕ್ರವಾರ. ಇಗರ್ಜಿ, ಬಲಿಪೂಜೆ, ಮಧ್ಯಾಹ್ನದ ಬಿರಿಯಾನಿ, ಅದರ ಮೇಲಿನ ನಿದ್ದೆ ಎಲ್ಲವೂ ಶುಕ್ರವಾರವೇ. ಭಾನುವಾರ ಬೆಳಿಗ್ಗೆ ಡ್ಯೂಟಿ. ಲಿಸ್ಬನ್‌ನಲ್ಲಿರುವ ಮಗಳು ಫೋನಿನಲ್ಲಿ "ಆ ವಾರದ ದೊಡ್ಡ ಪೂಜೆಯಲ್ಲಿ ಪಪ್ಪಾ" ಎಂದಿದ್ದಳು. ದೊಡ್ಡ ಪೂಜೆ ಎಂದರೆ ಶುಕ್ರವಾರ ತಾನೆ? ಅದರಲ್ಲಿ ಕೇಳುವುದೇನು! (ಕೇಳಬೇಕಿತ್ತು.)

ಲಿಸ್ಬನ್ ಹಳೆಯ ಊರು. ಏರಿದರೆ ಇಳಿಯಬೇಕು, ಇಳಿದರೆ ಮತ್ತೆ ಏರಬೇಕು. ನನ್ನ ಮೊಣಕಾಲಿಗೂ ಅಲ್ಲಿನ ಕಲ್ಲುಹಾಸಿಗೂ ಮೊದಲ ದಿನವೇ ಜಗಳ. ಆದರೆ ಬೋರ್ಡುಗಳನ್ನು ನೋಡಬೇಕು ನೀವು! ಬೇಕರಿಯ ಮೇಲೆ ಪಿಂಟೊ, ಚಪ್ಪಲಿ ಅಂಗಡಿಯ ಮೇಲೂ ಪಿಂಟೊ. ಪೋರ್ಚುಗೀಸರು ನಮ್ಮ ಹಿರಿಯರಿಗೆ ಕೊಟ್ಟುಹೋದ ನನ್ನದೇ ಅಡ್ಡಹೆಸರು.

"ಇಲ್ಲಿಯೂ ನಿಮ್ಮ ಕುಟುಂಬದವರೇ ಉಂಟಲ್ಲ ಮಾರಾಯ್ರೆ. ಒಂದು ಜೋಡಿ ಚಪ್ಪಲಿ ಫ್ರೀ ಕೊಡ್ತಾರಾ ಕೇಳಿ" ಎಂದಳು ಹೆಂಡತಿ ಲೀನಾ.

ಶುಕ್ರವಾರ ಬೆಳಿಗ್ಗೆ ಕೋಟು, ಟೈ ಹಾಕಿ ಸೋಫಾದಲ್ಲಿ ಕುಳಿತೆ. ಮಗಳು ಆಫೀಸಿಗೆ ಹೊರಟಿದ್ದಳು. ಮೊಮ್ಮಗಳು ರಿಯಾ ಬೆನ್ನಿಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡಿದ್ದಳು.

"ಎಲ್ಲಿಗೆ ಪಪ್ಪಾ?"

"ಕಮ್ಯುನಿಯನ್‌ಗೆ. ನೀವೆಲ್ಲ ಇನ್ನೂ ರೆಡಿ ಆಗ್ಲಿಲ್ವಾ?"

"ಬಟ್ ಗ್ರ್ಯಾಂಡ್‌ಪಾ, ಇಟ್ಸ್ ಆನ್ ಸಂಡೇ!"

ಮನೆಯಿಡೀ ನಕ್ಕಿತು. ನಾನು ಟಿಕೆಟ್ ತೋರಿಸಿದೆ. ನಗು ನಿಂತಿತು. ರಿಯಾ ಬ್ಯಾಗ್ ಕೆಳಗಿಟ್ಟಳು.

"ಟಿಕೆಟ್ ಚೇಂಜ್ ಮಾಡುವ ಪಪ್ಪಾ" ಎಂದಳು ಮಗಳು.

"ಆಗುದಿಲ್ಲ. ಸೋಮವಾರ ಬೆಳಿಗ್ಗೆ ಸ್ಟೋರ್ ತೆಗೀಬೇಕು." ನಾನು ಕಂಪನಿಯೊಂದರ ಸ್ಟೋರ್‌ಕೀಪರ್. ಹೇಳುತ್ತಲೇ ಕೋಟಿನ ಜೇಬಿಗೆ ಕೈ ಹಾಕಿದೆ. ಅಯ್ಯೋ! ಸ್ಟೋರಿನ ಬೀಗದ ಕೈ! ಹೊರಟ ದಿನ ಕೋಟು ಹಾಕಿಕೊಂಡೇ ಡ್ಯೂಟಿಗೆ ಹೋಗಿದ್ದೆ. ಕೀ ಕೊಡುವುದನ್ನು ಮರೆತು, ಅದಕ್ಕೂ ಲಿಸ್ಬನ್ ತೋರಿಸಲು ಕರೆತಂದಿದ್ದೆ.

"ನೋಡಿ, ಕೀ ನನ್ನ ಹತ್ರ ಉಂಟು! ನಾನು ಹೋಗದಿದ್ರೆ ಅಲ್ಲಿ ಕೆಲಸವೇ ನಿಲ್ತದೆ."

ಲೀನಾ ತಣ್ಣಗೆ ಕೇಳಿದಳು: "ಹಾಗಾದ್ರೆ ಈ ವಾರ ಇಡೀ ಸ್ಟೋರ್ ಹೇಗೆ ತೆಗೆದ್ರು?"

ಕೀಯನ್ನು ಮತ್ತೆ ಜೇಬಿಗೆ ಹಾಕಿದೆ. (ಇದೇ ಕೀ ಹೆಸರು ಹೇಳಿ ಊರಿನ ಎಷ್ಟು ಮದುವೆಗಳನ್ನು ತಪ್ಪಿಸಿಕೊಂಡಿದ್ದೇನೋ!)

ಶನಿವಾರ ರಿಯಾ ನನ್ನ ಕೈ ಹಿಡಿದು ಅವರ ಹಳೆಯ ಇಗರ್ಜಿಗೆ ಎಳೆದುಕೊಂಡು ಹೋದಳು. ಮುಂದಿನ ಬೆಂಚಿನಲ್ಲಿ ಒಂದು ಚೀಟಿ ಅಂಟಿಸಿತ್ತು: ಗ್ರ್ಯಾಂಡ್‌ಪಾ.

"ಸಿಟ್" ಎಂದಳು. ಕುಳಿತೆ.

"ಟುಮಾರೋ ಹೂ ವಿಲ್ ಸಿಟ್ ಹಿಯರ್?"

ಹೊರಗೆ ಬಂದು ನಮ್ಮ ಹೈದರಾಬಾದಿ ಮ್ಯಾನೇಜರಿಗೆ ಫೋನ್ ಮಾಡಿದೆ. "ಸರ್, ಸ್ಟೋರಿನ ಕೀ ನನ್ನ ಹತ್ತಿರವೇ ಉಳಿದಿದೆ. ಎರಡು ದಿನ ತಡವಾದರೆ..."

"ಯಾವ ಕೀ?" ಎಂದರು ಅವರು. "ಓ ಅದಾ! ಡುಪ್ಲಿಕೇಟ್ ಇದೆ ಪಿಂಟೊ ಭಾಯಿ. ಖಲಾಸ್, ಚಿಂತೆ ಬಿಡಿ, ಆರಾಮಾಗಿ ಬನ್ನಿ."

ಖುಷಿಯಾಗಬೇಕಿತ್ತು. ನಿಜ ಹೇಳಲೇ? ಮೊದಲು ಆದದ್ದು ಅವಮಾನ.

ಭಾನುವಾರ ಬಿಳಿ ಉಡುಪು ತೊಟ್ಟು ಸಾಲಿನಲ್ಲಿ ಬರುತ್ತಿದ್ದ ರಿಯಾ ಬಲಿಪೀಠ ನೋಡುವುದನ್ನು ಬಿಟ್ಟು ನನ್ನ ಬೆಂಚು ನೋಡಿದಳು. ನಾನಿದ್ದೆ. ಕೀ ಕೂಡ ಇತ್ತು, ಜೇಬಿನಲ್ಲಿ ತೆಪ್ಪಗೆ.

ಗಲ್ಫಿನ ನನ್ನ ಬಂಧುಗಳೇ, ನಿಮ್ಮ ಜೇಬಿನ ಕೀಗೂ ಡುಪ್ಲಿಕೇಟ್ ಇದೆಯೇ ಎಂದು ಯಾವತ್ತಾದರೂ ಕೇಳಿದ್ದೀರಾ?